ರಿಂಗಕ್ಕನ ವಿದೇಶಿ ಫೋನು

ಅವಳನ್ನು ನಾನು ಮೊದಲು ಕಂಡದ್ದು ಆಸ್ಪತ್ರೆಯ ಲ್ಯಾಬಿನ ಬಾಗಿಲಲ್ಲಿ. ನಾನು ಕೆಲಸಕ್ಕೆ ಸೇರಿ ವಾರ ತುಂಬಿರಲಿಲ್ಲ. ಹೊಸ ಬಿಳಿ ಕೋಟಿನ ಮಡಿಕೆ ಇನ್ನೂ ಹೋಗಿರಲಿಲ್ಲ. ಯಾರಾದರೂ ‘ಸರ್’ ಎಂದರೆ ನನ್ನ ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಹಾಗಾಗಿ ಎಲ್ಲಿ ನಿಲ್ಲಬೇಕು, ಎಷ್ಟು ಗಟ್ಟಿಯಾಗಿ ಮಾತಾಡಬೇಕು ಎನ್ನುವುದೂ ಕಲಿಯಬೇಕಾದ ಪಾಠವೇ ಆಗಿತ್ತು.

ಅವಳು ಭುಜದಿಂದ ಬಾಗಿಲನ್ನು ನೂಕಿಕೊಂಡು ಒಳಗೆ ಬಂದಳು. ಎರಡು ಕೈಯಲ್ಲೂ ಹಿಡಿದ ಸ್ಟೀಲಿನ ಟ್ರೇ, ಅದರ ತುಂಬ ಹೆರಿಗೆ ವಾರ್ಡಿನ ಮೂತ್ರದ ಸೀಸೆಗಳು. ಮೈಮೇಲಿನ ನೀಲಿ ಸಮವಸ್ತ್ರ ಒಗೆದು ಒಗೆದು ಬೂದಿ ಬಣ್ಣಕ್ಕೆ ತಿರುಗಿತ್ತು. ಕುತ್ತಿಗೆಯಲ್ಲಿ ಒಂದು ದಾರ, ಆ ದಾರದ ತುದಿಗೆ ಅದೇ ಸಮವಸ್ತ್ರದ ತುಂಡಿನಲ್ಲಿ ಹೊಲಿದ ಪುಟ್ಟ ಚೀಲ, ಚೀಲದೊಳಗೆ ಬಟನ್ ಫೋನು. ಬೆರಳುಗಳು ಫಿನಾಯಿಲ್ ನೀರಿನಲ್ಲಿ ನೆಂದು ಬಿರುಕು ಬಿಟ್ಟಿದ್ದವು.

“ಹೊಸಬರಾ? ಮುಖ ನೋಡಿದ್ರೇ ಗೊತ್ತಾಗುತ್ತೆ, ಇನ್ನೂ ನಗ್ತಾ ಇದೀರ” ಎಂದಳು.

ನಾನು ಟ್ರೇಗೆಂದು ಮೇಜಿನ ಮೇಲೆ ಜಾಗ ಮಾಡುತ್ತಿರುವಾಗ ಅವಳ ಫೋನು ಒಮ್ಮೆ ರಿಂಗಾಯಿತು. ಒಮ್ಮೆ ಎಂದರೆ ಒಮ್ಮೆಯೇ. ಅಷ್ಟರಲ್ಲಿ ಟ್ರೇ ನನ್ನ ಮೇಜಿನ ಮೇಲಿತ್ತು, ಒಂದು ಹನಿಯೂ ತುಳುಕಿರಲಿಲ್ಲ, ಫೋನು ಅವಳ ಕಿವಿಯ ಮೇಲಿತ್ತು. “ಹಾಂ ಮೇಡಂ, ಬರ್ತೀನಿ” ಎಂದು ಇಟ್ಟುಬಿಟ್ಟಳು.

“ಎಲ್ಲಿಗೆ, ಯಾವಾಗ ಅಂತ ಕೇಳಲೇ ಇಲ್ವಲ್ಲ ನೀವು?” ಎಂದೆ.

“ಕೇಳ್ತಾ ಕೂತ್ರೆ ಅಷ್ಟರಲ್ಲಿ ಇನ್ನೊಬ್ಬರನ್ನ ಕರೀತಾರೆ. ಮೊದಲು ಬರ್ತೀನಿ ಅನ್ನಬೇಕು, ಆಮೇಲೆ ಎಲ್ಲಿಗೆ ಅಂತ ತಿಳ್ಕೋಬೇಕು.” ಟ್ರೇ ಖಾಲಿ ಮಾಡಿಸಿಕೊಂಡು, ಬಾಗಿಲಲ್ಲಿ ತಿರುಗಿ, “ಅಕ್ಕ ಅನ್ನು ಸಾಕು. ನೀವು ಗೀವು ಎಲ್ಲ ಡಾಕ್ಟರಿಗೆ ಇಟ್ಕೋ” ಎಂದು ಹೋದಳು.

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ರಿಂಗಕ್ಕ ಎಂದು. ಎರಡನೇ ರಿಂಗಿಗೆ ಅವಳು ಅವಕಾಶ ಕೊಟ್ಟದ್ದನ್ನು ಕಂಡವರಿಲ್ಲ. ಅವಳು ಬದಲಿ ಆಯಾ. ಕಾಯಂ ಆಯಾ ಯಾರಾದರೂ ಜ್ವರವೆಂದೋ ಮಗುವಿನ ಶಾಲೆಯೆಂದೋ ರಜೆ ಹಾಕಿದರೆ ಆ ಜಾಗಕ್ಕೆ ಬದಲಿಯವರನ್ನು ಕರೆಯುತ್ತಾರೆ. ಬೆಳಗಿನ ಪಾಳಿ ಶುರುವಾಗುವ ಹೊತ್ತಿಗೆ, ಕೆಲವೊಮ್ಮೆ ಪಾಳಿಯ ನಡುವೆಯೂ, ಮೇಲ್ವಿಚಾರಕಿ ತನ್ನ ಮೇಜಿನ ಮೇಲಿನ ಲ್ಯಾಂಡ್‌ಲೈನಿನಿಂದ ಒಬ್ಬೊಬ್ಬರಿಗೇ ಕರೆ ಮಾಡುತ್ತಾಳೆ. ಮೊದಲು ಎತ್ತಿದವರಿಗೆ ಆ ದಿನದ ಕೆಲಸ. ಎತ್ತದವರಿಗೆ ಆ ದಿನ ಮನೆ. ಕರೆಯದೆ ಬಂದು ಆಸ್ಪತ್ರೆಯೊಳಗೆ ಸುಳಿಯಬಾರದು, ಮೇಲ್ವಿಚಾರಕಿಗೆ ತಾವಾಗಿ ಫೋನ್ ಮಾಡಿ ಪೀಡಿಸಬಾರದು ಎನ್ನುವುದು ಅಲ್ಲಿನ ಕಟ್ಟಪ್ಪಣೆ.

ರಿಂಗಕ್ಕ ಹೀಗೆ ಕರೆಗೆ ಓಗೊಡುತ್ತಲೇ ತನ್ನ ತಮ್ಮನನ್ನು ಬೆಳೆಸಿದ್ದಳು. ತಾಯಿ ಬೇಗ ತೀರಿಹೋಗಿದ್ದಳು. ಗಂಡ ಎನ್ನುವವನು ಇನ್ನೊಂದು ಮನೆ ಮಾಡಿಕೊಂಡು ಅಲ್ಲೇ ಉಳಿದಿದ್ದ. ತಮ್ಮ ತಾಂತ್ರಿಕ ಶಾಲೆಯಲ್ಲಿ ಓದಿ, ಕಟ್ಟಡಗಳಿಗೆ ಲಿಫ್ಟು ಕೂರಿಸುವ ಕೆಲಸ ಕಲಿತು ಹೊರದೇಶಕ್ಕೆ ಹೋದ. ಅಲ್ಲೇ ಸಂಸಾರ ಹೂಡಿದ. ಅವಳು ಬೇಕರಿಯ ಹಿಂದಿನ ಒಂಟಿ ಕೋಣೆಯಲ್ಲಿ ಉಳಿದಳು. ಆ ಕೋಣೆಯ ಒಂದು ಗೋಡೆಯ ಆಚೆ ಬೇಕರಿಯ ಒಲೆ. ಚಳಿಗಾಲದಲ್ಲಿ ಆ ಗೋಡೆಗೆ ಬೆನ್ನು ಕೊಟ್ಟು ಮಲಗುತ್ತಿದ್ದಳು, ಬೇಸಿಗೆಯಲ್ಲಿ ಹೊಸ್ತಿಲಲ್ಲಿ. “ನನ್ನ ಕೋಣೆಗೂ ನನಗೂ ಒಂದೇ ಜಾತಕ, ಯಾರದೋ ಒಲೆ ಬಿಸಿ” ಎಂದು ನಗುತ್ತಿದ್ದಳು.

ಆ ವರ್ಷ ಒಬ್ಬ ಕಾಯಂ ಆಯಾ ನಿವೃತ್ತಳಾಗುವವಳಿದ್ದಳು. ಆ ಜಾಗಕ್ಕೆ ಬದಲಿಯವರಲ್ಲೇ ಒಬ್ಬರನ್ನು ತೆಗೆದುಕೊಳ್ಳುವುದೆಂದು ಆಡಳಿತದವರು ಹೇಳಿದ್ದರು. ಮೇಲ್ವಿಚಾರಕಿ ಎಲ್ಲರನ್ನೂ ತನ್ನ ಕೋಣೆಯಲ್ಲಿ ನಿಲ್ಲಿಸಿ, “ನನಗೆ ಯಾರ ಶಿಫಾರಸೂ ಬೇಡ. ಇನ್ನು ಮುಂದೆ ಕರೆದಾಗೆಲ್ಲ ಯಾರು ಬರ್ತಾರೋ ಅವರಿಗೆ ಕೆಲಸ” ಎಂದಳು. ಎಲ್ಲರೂ ರಿಂಗಕ್ಕನ ಕಡೆ ನೋಡಿದರು. ಅವಳು ನೆಲ ನೋಡಿದಳು. ಆಮೇಲೆ ಲ್ಯಾಬಿಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತು, “ತಮ್ಮಾ, ಕಾಯಂ ಆದ್ರೆ ನಾನು ಮೊದಲು ಏನು ಮಾಡ್ತೀನಿ ಗೊತ್ತಾ? ಸ್ನಾನಕ್ಕೆ ಹೋಗುವಾಗ ಫೋನು ಕೋಣೇಲೇ ಇಟ್ಟು ಹೋಗ್ತೀನಿ” ಎಂದಳು. ಅಲ್ಲಿಯವರೆಗೆ ಅವಳು ಬಚ್ಚಲಲ್ಲೂ ಗೂಟಕ್ಕೆ ಆ ಚೀಲವನ್ನು ತೂಗುಹಾಕಿಕೊಂಡೇ ಮೈಗೆ ನೀರು ಹಾಕಿಕೊಳ್ಳುತ್ತಿದ್ದಳಂತೆ.

ಅದೇ ಸಮಯಕ್ಕೆ ರಿಂಗಕ್ಕನ ತಮ್ಮ, ಹೆಂಡತಿ ಮಗಳೊಂದಿಗೆ ರಜೆಗೆ ಬಂದ. ಬರುವಾಗ ಅಕ್ಕನಿಗೊಂದು ಫೋನು ತಂದ.

ಅಂಗೈಗಿಂತ ಅಗಲ, ಹಿಂಬದಿ ಕನ್ನಡಿಯಂತೆ ಮಿರುಗುವ ಗಾಜು. ನೆಂಟರನ್ನೆಲ್ಲ ಸೇರಿಸಿ ಅವರ ಮುಂದೆಯೇ ಅದನ್ನು ಅವಳ ಕೈಗಿಟ್ಟನಂತೆ. “ಇಂಥದ್ದು ನಿಮ್ಮ ಆಸ್ಪತ್ರೆ ದೊಡ್ಡ ಡಾಕ್ಟರ ಹತ್ರಾನೂ ಇರಲ್ಲಕ್ಕ” ಎಂದನಂತೆ. ಅವಳ ಬಟನ್ ಫೋನಿನ ಸಿಮ್ಮು ತೆಗೆದು, ಅಂಚು ಕತ್ತರಿಸಿ, ಹೊಸದಕ್ಕೆ ಹಾಕಿದ. ಹಳೆಯದನ್ನು ಎಸೆಯಲು ಹೊರಟಾಗ ಅವನ ಮಗಳು ಅದರಲ್ಲಿ ಹಾವಿನ ಆಟ ಇದೆಯೆಂದು ಕಸಿದುಕೊಂಡಳು. ಹೋಗುವಾಗ ತನ್ನೊಂದಿಗೇ ಒಯ್ದಳು. “ನಾನು ಹೋಗದಿದ್ರೂ ನನ್ನ ಫೋನಾದ್ರೂ ವಿಮಾನ ಹತ್ತಿತು” ಎಂದು ರಿಂಗಕ್ಕ ನನಗೆ ಹೇಳಿದ್ದಳು.

ಹೊಸ ಫೋನನ್ನು ತಮ್ಮ ಪರೀಕ್ಷೆ ಮಾಡಿಯೇ ಕೊಟ್ಟಿದ್ದ. ಪರದೆಯ ಮೂಲೆಯಲ್ಲಿ ಸಿಗ್ನಲ್ಲಿನ ಗೆರೆಗಳು ಪೂರ್ತಿ. ಅವನು ಪಕ್ಕದಲ್ಲೇ ಕೂತು ತನ್ನ ಫೋನಿನಿಂದ ವಾಟ್ಸಾಪ್‌ನಲ್ಲಿ ಕರೆ ಮಾಡಿದ. ಹಾಡು ಹಾಡಿಕೊಂಡು ರಿಂಗಾಯಿತು, ಮುಖ ಮುಖವೇ ಕಾಣಿಸಿತು. “ನೋಡಕ್ಕ, ಇಲ್ಲಿ ನನ್ನ ಫೋಟೋ ಮುಟ್ಟಿದ್ರೆ ನಾನು ಬರ್ತೀನಿ” ಎಂದ. ಅವಳಿಗೆ ಅಷ್ಟು ಸಾಕಿತ್ತು. ಬೇರೆ ಕಡೆಗೆ ಕರೆ ಮಾಡಲು ಅವಳು ಬಟನ್ನು ಒತ್ತಿದ್ದೇ ಅಪರೂಪ. ಅವಳ ಫೋನು ಇದ್ದದ್ದು ಎತ್ತುವುದಕ್ಕೆ, ಮಾಡುವುದಕ್ಕಲ್ಲ.

ತಮ್ಮನ ಹೆಂಡತಿ ಒಂದು ಮಾತು ಹೇಳಿದ್ದಳು. ರಿಂಗಕ್ಕ ಪರದೆ ಒತ್ತಿ ಒತ್ತಿ ತಡಕಾಡುವಾಗ, “ಅತ್ತಿಗೆ, ನಿಮ್ಮ ಬೆರಳು ಬಿರುಕು ಬಿಟ್ಟಿದೆಯಲ್ಲ, ಅದಕ್ಕೇ ಒತ್ತಿದ್ದು ಈ ಫೋನಿಗೆ ತಿಳಿಯಲ್ಲ. ಸ್ವಲ್ಪ ಎಣ್ಣೆ ಹಚ್ಕೊಳ್ಳಿ” ಎಂದಿದ್ದಳು. ಅವಳು ಕಾಳಜಿಯಿಂದಲೇ ಹೇಳಿರಬಹುದು. ಆದರೆ ಆ ಮಾತು ರಿಂಗಕ್ಕನ ಮನಸ್ಸಿನಲ್ಲಿ ಮೊಳೆಯಂತೆ ಕೂತುಬಿಟ್ಟಿತು. ಫೋನಿನಲ್ಲಿ ಏನು ಎಡವಟ್ಟಾದರೂ ಅದು ತನ್ನ ಬೆರಳಿನ ತಪ್ಪು ಎಂದೇ ಅವಳು ತಿಳಿದಳು. ಒಮ್ಮೆ ಬೇಕರಿಯವನಿಗೆ ಕರೆ ಮಾಡಿದಾಗ ಕರೆ ಹೋಗದೆ ಕಟ್ ಆಯಿತು. ಬೆರಳಿಗೆ ಎಣ್ಣೆ ಹಚ್ಚಿಕೊಂಡು ಮತ್ತೆ ಒತ್ತಿದಳು. ಮತ್ತೆ ಕಟ್. ನಾಲ್ಕು ಹೆಜ್ಜೆ ನಡೆದು ಹೋಗಿ ಬಾಯಲ್ಲೇ ಹೇಳಿ ಬಂದಳು.

ತಮ್ಮ ವಾಪಸ್ಸು ಹೋದ. ಪ್ರತಿ ಭಾನುವಾರ ಫೋನು ಹಾಡು ಹೇಳುತ್ತಿತ್ತು, ಅವಳು ಮೊದಲ ರಿಂಗಿಗೇ ಎತ್ತುತ್ತಿದ್ದಳು. ಆದರೆ ಆಸ್ಪತ್ರೆಯಿಂದ ಕರೆ ಬರುವುದು ನಿಂತಿತು.

ಮೊದಮೊದಲು ಅವಳು ಈ ಸಲ ಯಾರಿಗೂ ಕಾಯಿಲೆಯಿಲ್ಲ ಎಂದುಕೊಂಡಳಂತೆ. ಆಮೇಲೆ ಮೇಡಂಗೆ ನನ್ನ ಮೇಲೆ ಏನೋ ಸಿಟ್ಟು ಎಂದುಕೊಂಡಳು. ಕರೆಯದೆ ಹೋಗುವಂತಿಲ್ಲ, ಹೋಗಿ ಕೇಳಿದರೆ ಜಾಗಕ್ಕಾಗಿ ಕಾಲು ಹಿಡಿಯಲು ಬಂದಳು ಎನ್ನುತ್ತಾರೆ. ಬೆಳಗಿನ ಜಾವದಿಂದ ಆ ಗಾಜಿನ ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಬೇಕರಿಯ ಗೋಡೆಗೆ ಒರಗಿ ಕೂರುವಳು. ಸಿಗ್ನಲ್ಲಿನ ಗೆರೆಗಳು ಪೂರ್ತಿ ಇರುತ್ತಿದ್ದವು. ತಮ್ಮನ ಹೆಂಡತಿ ಕಳಿಸಿದ ಫೋಟೋಗಳು ಬರುತ್ತಿದ್ದವು. ಉಳಿದಂತೆ ಫೋನು ಕಲ್ಲಿನ ಹಾಗೆ ಸುಮ್ಮನಿರುತ್ತಿತ್ತು.

ಇತ್ತ ಆಸ್ಪತ್ರೆಯಲ್ಲಿ ಬೇರೆಯೇ ಮಾತು ನಡೆದಿತ್ತು. ಅದು ನನ್ನ ಕಿವಿಗೂ ಬಿತ್ತು. ಲ್ಯಾಬಿನ ನೆಲ ಒರೆಸುವಾಗ ಇಬ್ಬರು ಆಯಾಗಳು ಮಾತಾಡಿಕೊಳ್ಳುತ್ತಿದ್ದರು.

“ರಿಂಗಕ್ಕ ಎಲ್ಲೇ?”

“ರಿಂಗಕ್ಕ ಅನ್ನಬೇಡ, ಫಾರಿನ್ನಮ್ಮ ಅನ್ನು. ತಮ್ಮ ದೊಡ್ಡ ಫೋನು ತಂದುಕೊಟ್ಟಿದಾನಂತೆ. ಇನ್ನು ನಮ್ಮ ಬಕೆಟ್ಟು ಯಾಕೆ ಹಿಡೀತಾಳೆ?”

“ಮೇಡಂ ಫೋನ್ ಮಾಡಿದ್ರೆ ವ್ಯಾಪ್ತಿ ಪ್ರದೇಶದ ಹೊರಗೆ ಅಂತ ಬರುತ್ತಂತೆ.”

“ಸ್ವಿಚ್ ಆಫ್ ಮಾಡಿ ಮಲಗಿರ್ತಾಳೆ ಬಿಡು. ಅಲ್ಪನಿಗೆ ಐಶ್ವರ್ಯ ಬಂದ ಹಾಗೆ.”

ಅವಳು ಹಾಗಲ್ಲ ಎಂದು ನಾನು ಹೇಳಿದೆ. “ನಿಮಗೆ ನಮ್ಮ ವಿಷಯ ಏನು ಗೊತ್ತು ಸರ್, ಕಾಲು ಎತ್ತಿ, ನೆಲ ಒರೆಸಬೇಕು” ಎಂದರು.

ಕಾಯಂ ಜಾಗ ಯಾರಿಗೆಂದು ತಿಳಿಸುವ ದಿನ ಬದಲಿ ಆಯಾಗಳಿಗೆಲ್ಲ ಸುದ್ದಿ ಹೋಯಿತು. ರಿಂಗಕ್ಕನಿಗೆ ಬೇಕರಿಗೆ ಬಂದ ಆಸ್ಪತ್ರೆಯ ಕಾವಲುಗಾರ ಬಾಯಿಮಾತಲ್ಲಿ ಹೇಳಿದ. ಅವಳು ಒಗೆದ ಸಮವಸ್ತ್ರ ಹಾಕಿಕೊಂಡು ಓಡಿ ಬಂದಳು. ಲ್ಯಾಬಿಗೆ ಕೈಗವಸು ಮುಗಿದಿದ್ದರಿಂದ ಅದನ್ನು ಕೇಳಲು ನಾನೂ ಆಗ ಮೇಲ್ವಿಚಾರಕಿಯ ಕೋಣೆಯಲ್ಲಿದ್ದೆ. ಅಷ್ಟು ಹೊತ್ತಿಗೆ ಆ ಜಾಗ, ರಿಂಗಕ್ಕನಿಗಿಂತ ಎಷ್ಟೋ ವರ್ಷ ಕಿರಿಯಳಾದ, ಕನ್ನಡಕ ಹಾಕುವ ಒಬ್ಬ ಬದಲಿ ಆಯಾಗೆ ಎಂದು ಹೇಳಿ ಆಗಿತ್ತು.

“ಮೇಡಂ, ನನ್ನನ್ನ ಒಂದು ಸಲಾನೂ ಕರೀಲಿಲ್ಲ ನೀವು” ಎಂದಳು ರಿಂಗಕ್ಕ. ದನಿ ಏರಿರಲಿಲ್ಲ.

“ಕರೀಲಿಲ್ವಾ? ಈ ಬಟನ್ನು ಸವೆದುಹೋಗಿದೆ ನಿನಗೆ ಕರೆ ಮಾಡಿ ಮಾಡಿ.” ಮೇಲ್ವಿಚಾರಕಿ ಲ್ಯಾಂಡ್‌ಲೈನಿನ ಮೇಲೆ ಕೈ ಬಡಿದಳು. “ಮೊದಲು ನಿನಗೇ ಮಾಡ್ತಿದ್ದೆ. ನೀನು ಎತ್ತಬೇಕಲ್ಲ!”

“ರಿಂಗೇ ಆಗಿಲ್ಲ ಮೇಡಂ. ನನ್ನಾಣೆಗೂ ಆಗಿಲ್ಲ. ತೊಡೆ ಮೇಲೇ ಇಟ್ಕೊಂಡು ಕೂತಿರ್ತೀನಿ.”

“ಎಲ್ಲಿ, ತೆಗೆ ಹೊರಗೆ.”

ರಿಂಗಕ್ಕ ಕುತ್ತಿಗೆಯ ಚೀಲದಿಂದ ಫೋನು ತೆಗೆದಳು. ಚೀಲವನ್ನೂ ಅವಳು ಹೊಸ ಅಳತೆಗೆ ದೊಡ್ಡದಾಗಿ ಹೊಲಿದುಕೊಂಡಿದ್ದಳು. ಫೋನನ್ನು ಮೇಜಿನ ಮೇಲಿಟ್ಟಳು. ಎಲ್ಲರೂ ಬಗ್ಗಿ ನೋಡಿದರು. ಸಿಗ್ನಲ್ ಪೂರ್ತಿ ಇತ್ತು. ಮೇಲ್ವಿಚಾರಕಿ ಈ ಸಲ ಲ್ಯಾಂಡ್‌ಲೈನ್ ಮುಟ್ಟಲಿಲ್ಲ. ತನ್ನ ಕೈಯಲ್ಲೇ ಇದ್ದ ಮೊಬೈಲಿನಲ್ಲಿ ವಾಟ್ಸಾಪ್ ತೆರೆದು, ಅದರಲ್ಲಿ ಕಂಡ ರಿಂಗಕ್ಕನ ಹೆಸರನ್ನು ಒತ್ತಿದಳು.

ಫೋನು ಹಾಡತೊಡಗಿತು. ಮೇಜಿನ ಮೇಲೆ ನಡುಗುತ್ತಾ, ಬಣ್ಣ ಬಣ್ಣದ ಬೆಳಕು ಬಿಡುತ್ತಾ, ಕೋಣೆ ತುಂಬ ಹಾಡಿತು. ಯಾರೋ ಕಿಸಕ್ಕೆಂದು ನಕ್ಕರು. ನಗು ಒಬ್ಬರಿಂದ ಒಬ್ಬರಿಗೆ ಹರಡಿತು.

“ಹಾಡೂ ಹೇಳುತ್ತಲ್ಲೇ ನಿನ್ನ ಫೋನು! ನನ್ನ ಮುಂದೆ ನಿಂತು ಸುಳ್ಳಾಡ್ತೀಯಾ?” ಎಂದಳು ಮೇಲ್ವಿಚಾರಕಿ.

ರಿಂಗಕ್ಕನ ಕೈ ಅಭ್ಯಾಸಬಲದಿಂದ ಫೋನಿನತ್ತ ಹೋಗಿತ್ತು. ಎತ್ತಲೂ ಇಲ್ಲ, ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಅಷ್ಟು ವರ್ಷದಲ್ಲಿ ಅವಳ ಫೋನು ಎರಡನೇ ಸಲ ರಿಂಗಾಗಿದ್ದು, ಮೂರನೇ ಸಲ ರಿಂಗಾಗಿದ್ದು ಅವತ್ತೇ.

ಅವಳು ಹೊರಗೆ ಬಂದು ಕ್ಯಾಂಟೀನಿನ ಹಿಂದಿನ ಕಟ್ಟೆಯ ಮೇಲೆ ಕೂತಳು. ನಾನೂ ಹೋದೆ. “ತಮ್ಮಾ, ನನಗೇ ಭ್ರಮೆಯೇನೋ. ರಿಂಗಾಗಿದ್ದೂ ಕೇಳಿಸದಷ್ಟು ಕಿವುಡಾಯ್ತೇನೋ” ಎಂದಳು. ನಾನು ನನ್ನ ಫೋನು ತೆಗೆದು, ಅವಳ ನಂಬರು ಕೇಳಿ ಒತ್ತಿ, ವಾಟ್ಸಾಪಿಲ್ಲದ ಮಾಮೂಲಿ ಕರೆ ಮಾಡಿದೆ. ‘ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ದನಿ ಬಂತು. ಚಂದಾದಾರಳು ನನ್ನ ಮೊಣಕೈಗೆ ತಾಗಿ ಕೂತಿದ್ದಳು. ಅವಳ ಕೈಯಲ್ಲಿದ್ದ ಫೋನಿನಲ್ಲಿ ಸಿಗ್ನಲ್ ಪೂರ್ತಿ ಇತ್ತು. ಇನ್ನೊಮ್ಮೆ ಮಾಡಿ ಅವಳ ಕಿವಿಗೇ ಹಿಡಿದೆ. ಅವಳು ಆ ದನಿಯನ್ನು ಕೊನೆಯವರೆಗೆ ಕೇಳಿದಳು.

ಆಸ್ಪತ್ರೆಯ ಎದುರಿನ ಮೊಬೈಲ್ ರಿಪೇರಿಯವನು ಫೋನನ್ನು ತಿರುವಿ ನೋಡಿದ ಕೂಡಲೇ, “ಹೊರಗಡೆದು ಅಲ್ವಾ?” ಎಂದ. ಆಮೇಲೆ ವಿವರಿಸಿದ. ಈಗಿನ ನೆಟ್‌ವರ್ಕಿನಲ್ಲಿ ಮಾತು ಹೋಗಲು ಬೇರೆಯೇ ವ್ಯವಸ್ಥೆ ಬೇಕು. ಯಾವ ಮಾಡೆಲ್ಲಿಗೆ ಅದನ್ನು ತೆರೆಯಬೇಕೆಂದು ಇಲ್ಲಿನ ಸಿಮ್ ಕಂಪನಿಯವರು ಗೊತ್ತು ಮಾಡಿರುತ್ತಾರೆ. ಇದು ಆ ದೇಶಕ್ಕೆಂದೇ ಮಾಡಿದ ಸೆಟ್ಟು, ಇಲ್ಲಿ ಅದಕ್ಕೆ ಬಾಗಿಲು ತೆರೆದಿಲ್ಲ. ಇಂಟರ್ನೆಟ್ ಬರುತ್ತದೆ, ಹಾಗಾಗಿ ವಾಟ್ಸಾಪ್ ಕರೆ ಬರುತ್ತದೆ. ನಂಬರ್ ಒತ್ತಿ ಮಾಡುವ ಕರೆ ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. “ಮೊದಲಾಗಿದ್ರೆ ಹಳೇ ನೆಟ್‌ವರ್ಕಿಗೆ ಇಳಿದು ರಿಂಗಾಗ್ತಿತ್ತಕ್ಕ. ನಿಮ್ಮ ಸಿಮ್ಮಿನವರು ಅದನ್ನ ಮುಚ್ಚಿಬಿಟ್ರಲ್ಲ.”

“ಮುಚ್ಚಿದಾಗಲೇ ಅಲ್ವಾ ನಿನ್ನ ಹತ್ರ ಆ ಬಟನ್ನಿಂದು ತಗೊಂಡಿದ್ದು?” ಎಂದಳು ರಿಂಗಕ್ಕ.

“ಹೌದು. ಅದು ಇಲ್ಲಿಗೇ ಮಾಡಿದ ಸೆಟ್ಟು. ಗುಂಡು ಹೊಡೆದ ಹಾಗೆ ರಿಂಗಾಗ್ತಿತ್ತು. ಎಲ್ಲಿ ಅದು?”

“ವಿಮಾನ ಹತ್ತಿತು” ಎಂದಳು. ಈ ಸಲ ನಗಲಿಲ್ಲ.

ನಾವಿಬ್ಬರೂ ಮೇಲ್ವಿಚಾರಕಿಯ ಬಳಿ ವಾಪಸ್ಸು ಹೋದೆವು. ಅವಳೆದುರೇ ಲ್ಯಾಂಡ್‌ಲೈನಿನಿಂದ ಕರೆ ಮಾಡಿ ತೋರಿಸಿದೆ. ಮೇಲ್ವಿಚಾರಕಿ ರಿಸೀವರ್ ಕಿವಿಗಿಟ್ಟುಕೊಂಡು, ಮೇಜಿನ ಮೇಲಿನ ಮೂಕ ಫೋನನ್ನು ನೋಡಿ, ರಿಸೀವರನ್ನು ಮೆಲ್ಲಗೆ ಕೆಳಗಿಟ್ಟಳು. ಅವಳಿಗೆ ಅರ್ಥವಾಯಿತು ಎನ್ನುವುದು ನನಗೆ ಅರ್ಥವಾಯಿತು. ಆದರೆ ಅಷ್ಟು ಜನರ ಮುಂದೆ ಸುಳ್ಳುಗಾತಿ ಎಂದವಳು ಈಗ ಅಷ್ಟೇ ಜನರನ್ನು ಕರೆದು ತಪ್ಪು ತನ್ನದೆಂದು ಹೇಳಬೇಕಾಗುತ್ತಿತ್ತು.

“ಆಗಿದ್ದು ಆಗಿಹೋಯ್ತು. ಕರೆಗೆ ಸಿಗೋ ಹಾಗಿರೋದು ನಿನ್ನ ಜವಾಬ್ದಾರಿ. ಫೋನು ನಿನ್ನದು, ನನ್ನದಲ್ಲ” ಎಂದಳು. “ಬದಲಿಯವರಲ್ಲಿ ನಿನ್ನ ಜಾಗಕ್ಕೂ ಹೊಸಬಳನ್ನ ಸೇರಿಸ್ಕೊಂಡಾಯ್ತು. ಜಾಗ ಬಿದ್ರೆ ನೋಡೋಣ.”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಇಲ್ಲಿ ಆನೆ ಕೊಡಲು ಯಾರೂ ಬಂದಿರಲಿಲ್ಲ. ಅಡಿಕೆಯನ್ನೂ ಯಾರೂ ಹಿಂದಿರುಗಿಸಲಿಲ್ಲ.

ಆ ಭಾನುವಾರ ರಿಂಗಕ್ಕ ನನ್ನನ್ನು ತನ್ನ ಕೋಣೆಗೆ ಕರೆದಳು. “ತಮ್ಮನಿಗೆ ನೀನೇ ಹೇಳು. ನಾನು ಹೇಳಿದ್ರೆ ದಾನ ಕೊಟ್ಟ ಎಮ್ಮೆ ಹಲ್ಲು ಎಣಿಸಿದ ಹಾಗಾಗುತ್ತೆ. ನೀನು ಓದಿದೋನು, ಯಂತ್ರದ ಮಾತು ಯಂತ್ರದ ಹಾಗೇ ಹೇಳು.” ಫೋನನ್ನು ಬೇಕರಿಯ ಗೋಡೆಗೆ ಒರಗಿಸಿಟ್ಟು ನಾವು ಕಾದೆವು. ಅದು ಹಾಡಿತು. ಪರದೆಯಲ್ಲಿ ತಮ್ಮ ಬಂದ. ದುಂಡು ಮುಖ, ಅಕ್ಕನದೇ ಮೂಗು.

ನಾನು ರಿಪೇರಿಯವನು ಹೇಳಿದ್ದನ್ನೆಲ್ಲ ಹೇಳಿದೆ. ಕಾಯಂ ಜಾಗ ಹೋದದ್ದನ್ನೂ ಹೇಳಿದೆ. ತಮ್ಮ ಮೊದಲು, “ಆ ಅಂಗಡಿಯವನು ಅಕ್ಕನಿಗೆ ಟೋಪಿ ಹಾಕ್ತಿದಾನೆ, ತನ್ನ ಡಬ್ಬಾ ಫೋನು ಮಾರೋಕೆ” ಎಂದ. ಅಷ್ಟರಲ್ಲಿ ಪರದೆಯ ಆಚೆಯಿಂದ ಅವನ ಹೆಂಡತಿಯ ದನಿ ಕೇಳಿಸಿತು.

“ಕೊಳ್ಳುವಾಗಲೇ ಅಂಗಡೀಲಿ ಹೇಳಿದ್ರಲ್ರೀ, ಬೇರೆ ದೇಶದಲ್ಲಿ ಕರೆ ಬರೋದು ಗ್ಯಾರಂಟಿ ಇಲ್ಲ ಅಂತ.”

ತಮ್ಮ ಅವಳತ್ತ ತಿರುಗಿ ಏನೋ ಸನ್ನೆ ಮಾಡಿದ. ತಡವಾಗಿತ್ತು.

“ಗೊತ್ತಿತ್ತಾ?” ಎಂದಳು ರಿಂಗಕ್ಕ.

“ಗೊತ್ತಿತ್ತು ಅಂತಲ್ಲಕ್ಕ. ನೆಟ್ ಬರುತ್ತೆ ಅಂದ್ರು. ಫೋಟೋ ನೋಡೋಕೆ, ನಾವು ಮಾತಾಡೋಕೆ ಸಾಕಲ್ಲ ಅಂದ್ಕೊಂಡೆ.” ಅವನು ಹಣೆ ಉಜ್ಜಿಕೊಂಡ. ಆಮೇಲೆ, ತನ್ನ ತಪ್ಪನ್ನು ಸಣ್ಣದು ಮಾಡಿಕೊಳ್ಳಲಿಕ್ಕೋ ಏನೋ, ನಗುತ್ತಾ ಹೇಳಿದ: “ನಮ್ಮದು ಬಿಟ್ರೆ ನಿನಗೆ ಇನ್ಯಾರ ಫೋನ್ ಬರುತ್ತಕ್ಕಾ?”

ಬೇಕರಿಯಲ್ಲಿ ಯಾರೋ ಒಲೆಯ ಬಾಗಿಲು ಮುಚ್ಚಿದ ಸದ್ದಾಯಿತು. ತಮ್ಮನ ಶಾಲೆಯ ಬೂಟು, ಅವನ ಪುಸ್ತಕ, ಅವನು ಮೊದಲ ಸಲ ವಿಮಾನ ಹತ್ತುವಾಗ ಹಾಕಿಕೊಂಡ ಕೋಟು, ಎಲ್ಲವೂ ಬಂದದ್ದು ಆ ಫೋನು ರಿಂಗಾದ ದಿನಗಳಿಂದ. ಅದನ್ನು ಅವಳು ಹೇಳುತ್ತಾಳೆ ಎಂದು ನಾನು ಕಾದೆ.

“ಹೌದಪ್ಪ” ಎಂದಳು. “ಇನ್ಯಾರದು ಬರುತ್ತೆ.”

ಅಷ್ಟರಲ್ಲಿ ಅವನ ಮಗಳು ನಡುವೆ ನುಗ್ಗಿ, ಬಟನ್ ಫೋನನ್ನು ಪರದೆಯ ಹತ್ತಿರ ಹಿಡಿದಳು. “ಅತ್ತೇ, ನೋಡು, ನಿನ್ನ ಫೋನ್! ಹಾವು ಇಷ್ಟುದ್ದ ಆಗಿದೆ!”

“ಚೆನ್ನಾಗಿ ಆಡು ಕಂದಾ. ಬೀಳಿಸಬೇಡ” ಎಂದಳು ರಿಂಗಕ್ಕ. ಆಮೇಲೆ ನನ್ನ ಕಡೆ ನೋಡದೆಯೇ, “ಚಹಾ ಕುಡ್ಕೊಂಡು ಹೋಗು ತಮ್ಮಾ” ಎಂದಳು. ಚಹಾ ಮಾಡುವುದನ್ನು ಮರೆತು, ಬಹಳ ಹೊತ್ತು ಬಿರುಕು ಬೆರಳುಗಳನ್ನು ಒಂದೊಂದಾಗಿ ತಿಕ್ಕುತ್ತಾ ಕೂತಿದ್ದಳು. ಎಣ್ಣೆ ಇನ್ನೂ ಅಂಟಂಟಾಗಿತ್ತೇನೋ.

ರಿಪೇರಿಯವನ ಹತ್ತಿರ ಅವಳು ಮತ್ತೊಂದು ಬಟನ್ ಫೋನು ಕೊಂಡಳು. ಅದು ಈಗ ಅವಳ ಕುತ್ತಿಗೆಯ ಚೀಲದಲ್ಲಿದೆ. ಚೀಲ ದೊಡ್ಡದಾದ್ದರಿಂದ ನಡೆಯುವಾಗ ಫೋನು ಅದರೊಳಗೆ ಅತ್ತಿತ್ತ ಉರುಳಾಡುತ್ತದೆ. ಮೇಲ್ವಿಚಾರಕಿ ಕರೆಯುವ ಹೆಸರುಗಳಲ್ಲಿ ಅವಳದು ಈಗ ಎಲ್ಲರಿಗಿಂತ ಕೆಳಗೆ, ಅಲ್ಲಿಯವರೆಗೆ ಕರೆ ಇಳಿದು ಬರುವುದು ಅಪರೂಪ. ಗಾಜಿನ ಫೋನು ಗೋಡೆಯ ಗೂಡಿನಲ್ಲಿದೆ. ಭಾನುವಾರ ಅದು ಹಾಡುತ್ತದೆ, ಅವಳು ಎತ್ತಿ ಮಾತಾಡುತ್ತಾಳೆ. ಆದರೆ ಒಂದೇ ರಿಂಗಿಗೆ ಎತ್ತುವುದಿಲ್ಲ.

ಅವಳು ಈಗಲೂ ಬದಲಿ ಆಯಾ. ಕರೆಗೆ ಕಾಯುವುದಿಲ್ಲ. ದಿನಾ ಬೆಳಿಗ್ಗೆ ಪಾಳಿ ಶುರುವಾಗುವ ಮೊದಲೇ ಹೋಗಿ ಆಸ್ಪತ್ರೆಯ ಗೇಟಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕೂರುತ್ತಾಳೆ. ಯಾರಾದರೂ ಬಾರದಿದ್ದರೆ ಕಾವಲುಗಾರ ಕೈ ಬೀಸಿ ಕರೆಯುತ್ತಾನೆ, ಅವಳು ಒಳಗೆ ಹೋಗಿ ಬಕೆಟ್ಟು ಹಿಡಿಯುತ್ತಾಳೆ. ಎಲ್ಲರೂ ಬಂದ ದಿನ ಎದ್ದು ಮನೆಗೆ ಹೋಗುತ್ತಾಳೆ.